ಎಳೆಗಣ್ಣಿನ ಹಸಿರು

ಹೊಸಪೇಟೆಯ ತೇಲುಕೇರಿ,
ಫೆಬ್ರವರಿ 30, 2431

ಇಪ್ಪತ್ತೊಂದನೆಯ ಶತಮಾನದ ನನ್ನ ಹಿರಿಯಜ್ಜಿಗೆ ಮಹಾನಂದೆಯ ನಮಸ್ಕಾರಗಳು. ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮ ಪಂಚಾಂಗದಲ್ಲಿ ಈ ದಿನವೂ ಉಂಟು. ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾಳೆ ನನ್ನ ಮದುವೆ!

ನಿಮ್ಮ ರೂಟರ್ ನಮ್ಮಲ್ಲೂ ಇದೆ. ಅದೇ ಹೆಸರು, ಅದೇ ಮೂಲೆ, ಅದೇ ಧೂಳು. ಅದರ ಸಂಪರ್ಕಕ್ಕೆ ನಾವು ಎಳೆ ಎನ್ನುತ್ತೇವೆ. ನನ್ನ ವರ ಬಸವಂತನಿಗೆ ಚಂದ್ರನ ಗಣಿಯಲ್ಲಿ ಕೆಲಸ. ಮದುವೆಗೆಂದು ಇಳಿದು ಬಂದವನು ಮರುವಾರವೇ ಹತ್ತಿ ಹೋಗುತ್ತಾನೆ, ಆಮೇಲೆ ಎರಡು ವರ್ಷ ನಮ್ಮ ಸಂಸಾರವೆಲ್ಲ ಎಳೆಯ ಮೇಲೆಯೇ. ಈಗ ಹೆಚ್ಚಿನ ಮನೆಗಳಲ್ಲಿ ಹೀಗೇ, ಹಾಗಾಗಿ ಜಾತಕ ಯಾರೂ ಕೇಳುವುದಿಲ್ಲ. ವರನ ಕಡೆಯವರು ಹೆಣ್ಣಿನ ಮನೆಗೆ ಬಂದು, ಎಳೆಗಣ್ಣು ಎಂಬ ಅಳತೆಯ ಬಿಲ್ಲೆಯನ್ನು ಗೋಡೆಗೆ ಅಂಟಿಸಿ ವಾರವಿಡೀ ಕಾಯುತ್ತಾರೆ. ಎಳೆ ಗಟ್ಟಿಯಿದ್ದರೆ ಹಸಿರು, ಕಡಿಯುತ್ತಿದ್ದರೆ ಕೆಂಪು. ಕೆಂಪು ಕಂಡರೆ ಸಂಬಂಧ ಮುರಿಯಿತು.

ನಮ್ಮ ಎಳೆಯೋ ಬಡಕಲು. ಅಪ್ಪನ ಜಾಣತನ ನೋಡಿ, ರೂಟರಿನ ಸೆಟ್ಟಿಂಗ್‌ನಲ್ಲಿ ಮೊದಲ ಆದ್ಯತೆಯನ್ನು ಎಳೆಗಣ್ಣಿಗೇ ಕೊಟ್ಟುಬಿಟ್ಟರು. ಬಿಲ್ಲೆ ವಾರವೆಲ್ಲ ಹಸಿರಾಗಿ ಹೊಳೆಯಿತು. ಎಳೆಯ ಅಪ್ಪಣೆಯಿಲ್ಲದೆ ಉರಿಯದ ನಮ್ಮ ಒಲೆ ಆರಿತು, ಅಮ್ಮನ ಭಜನೆ ಅರ್ಧಕ್ಕೇ ತುಂಡಾಯಿತು. ಬಸವಂತ ಚಂದ್ರನಿಂದ ದಿನವೂ ಕರೆ ಮಾಡಿದ. ಬಂದದ್ದು ಬರೀ ಕಡಿದ ದನಿಯ ಬಿಕ್ಕಳಿಕೆ. ಅವನ ಸೋದರತ್ತೆ ಗಂಗಾಂಬಿಕೆ ಮಾತ್ರ ಗೋಡೆಯ ಹಸಿರು ನೋಡಿ ತಲೆದೂಗುತ್ತ ಕುಳಿತಿದ್ದರು.

ಹೇಳಿಯೇ ಬಿಡುತ್ತೇನೆ, ನನಗೆ ಅವನು ಬೇಕಾಗಿತ್ತು. ಕೊನೆಯ ದಿನ ಸುಮ್ಮನಿದ್ದಿದ್ದರೆ ಸಂಜೆಗೆ ನಿಶ್ಚಯವಾಗುತ್ತಿತ್ತು. ಆದರೆ ಅವನು ಏನೋ ಕೇಳುತ್ತಿದ್ದ; ಏನೆಂದು ತಿಳಿಯದೆ ಹೂಂ ಎನ್ನುವುದು ಹೇಗೆ? ಅಪ್ಪ ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ, ಗಂಗಾಂಬಿಕತ್ತೆಯ ಎದುರಿಗೇ ಸೆಟ್ಟಿಂಗ್ ತೆರೆದು ಎಳೆಗಣ್ಣನ್ನು ಕೆಳಗಿಳಿಸಿದೆ, ಅವನ ಕರೆಯನ್ನು ಮೇಲೇರಿಸಿದೆ. ಬಿಲ್ಲೆ ಕೆಂಪಾಯಿತು. ಕೈಗೆ ಬಂದ ತುತ್ತು ಬಾಯಿಗಿಲ್ಲವಾಯಿತೆಂದು ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತರು. ಬಸವಂತನ ದನಿ ಪಕ್ಕದಲ್ಲೇ ಇದ್ದಂತೆ ಬಂತು.

“ನಿನಗ ಒಪ್ಪಿಗಿ ಐತೇನು? ವಾರದಿಂದ ಕೇಳಾಕತ್ತೀನಿ, ಯಾರೂ ಹೇಳವಲ್ರು.”

ಐತಿ ಎಂದೆ. ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಗಂಗಾಂಬಿಕತ್ತೆ, ಕೇಳಿಸಬೇಕಾದದ್ದು ಕೇಳಿಸಿತಲ್ಲ ಎಂದು ಗೊಣಗುತ್ತ ಕೆಂಪು ಬಿಲ್ಲೆಯನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು, ಸಕ್ಕರೆ ತರಲು ಹೇಳಿದರು.

ಅಜ್ಜಿ, ನೀವೂ ದಿನಕ್ಕೆ ಹತ್ತು ಸಲ ರೂಟರಿನ ವೇಗ ಅಳೆಯುತ್ತ ಕೂರುತ್ತೀರಂತೆ. ಅಳೆದದ್ದು ಸಾಕು, ಆ ಹೊತ್ತಿಗೆ ಯಾರಿಗಾದರೂ ಕರೆ ಮಾಡಿ. ನನ್ನ ಮದುವೆಗೆ ನಾನೂರು ವರ್ಷ ಮೊದಲೇ ಬಂದು ಹೋದವರು ನೀವು. ಇದ್ದಲ್ಲಿಂದಲೇ ನಾಲ್ಕು ಅಕ್ಷತೆ ಹಾಕಿಬಿಡಿ.