ಎತ್ತಿದ ಎಡಗೈ

ಗದಗ, ಫೆಬ್ರುವರಿ ೩೦, ೨೧೮೭

ಎಲುಬಿನ ಡಾಕ್ಟರಿಕೆಯನ್ನು ಕನ್ನಡಕದೊಳಗೆ ಕಲಿಸಲು ಹೊರಟಿರುವ ಹಿರಿಯರಿಗೆ ಡಾಕ್ಟರ್ ದ್ಯಾಮವ್ವನ ನಮಸ್ಕಾರ. ತಾರೀಕು ನೋಡಿ ನಗಬೇಡಿ, ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮಗೆ ತಿಳಿಯದ ಪದ ನಡುವೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ಸಿಟ್ಟಂತೂ ತಿಳಿಯುತ್ತದೆ.

ನಾನು ಇಲ್ಲಿನ ಆಸ್ಪತ್ರೆಯಲ್ಲಿ ಎಲುಬು ಕೂಡಿಸುತ್ತಿದ್ದವಳು. ನಮ್ಮ ಹುಡುಗರು ಕಲಿಯುವುದು ನೆರಳುಮೇಜಿನ ಮೇಲೆ. ಅಂದರೆ ಖಾಲಿ ಮೇಜು. ಕನ್ನಡಕ ಹಾಕಿಕೊಂಡರೆ ಅದರ ಮೇಲೆ ಮುರಿದ ತೊಡೆ ಬಂದು ಮಲಗುತ್ತದೆ. ಕೈಯಲ್ಲಿರುವ ಡ್ರಿಲ್ ನಿಜದ್ದು. ಕೊರೆಯುವಾಗ ಮೊಳಕೈವರೆಗೆ ನಡುಕ ಹತ್ತುತ್ತದೆ, ರಕ್ತ ಮುಖಕ್ಕೆ ಚಿಮ್ಮುತ್ತದೆ. ಬಲು ಚೆಂದದ ವಿದ್ಯೆ, ಅಲ್ಲಗಳೆಯುವುದಿಲ್ಲ. ತಪ್ಪಾದರೆ ಎಡಗೈ ಎತ್ತಿ ಅಂಗೈ ತೋರಿಸಬೇಕು. ಚೆಲ್ಲಿದ ರಕ್ತ ಒಳಗೆ ಹೋಗುತ್ತದೆ, ಹರಿದ ಮಾಂಸ ಕೂಡುತ್ತದೆ, ಮತ್ತೆ ಮೊದಲಿನಿಂದ ಶುರು. ಇದಕ್ಕೆ ನಾವು ಹಿಂದಾಟ ಎನ್ನುತ್ತೇವೆ. ನಿಮ್ಮ ಕಾಲದವರೇ ಇದನ್ನು ಮೊದಲು ಮಾಡಿದವರಂತೆ. ಊಟದ ತಾಟಿಗೆ ಸಾರು ಹೆಚ್ಚು ಬಿದ್ದರೂ ನಮ್ಮ ಹುಡುಗರು ಎಡಗೈ ಎತ್ತುತ್ತಿದ್ದರು, ನಾವು ನಗುತ್ತಿದ್ದೆವು.

ಕಪ್ಪತಗುಡ್ಡದ ಗಾಳಿಗಂಬದ ರೆಕ್ಕೆ ಮುರಿದು ಕೆಲಸಗಾರರ ಮೇಲೆ ಬಿದ್ದ ದಿನ ಆಸ್ಪತ್ರೆಯ ನೆಲದಲ್ಲಿ ಕಾಲಿಟ್ಟರೆ ಜಾರುತ್ತಿತ್ತು. ಒಬ್ಬನ ತೋಳು ಅಂಗಿಯ ತೋಳಿನಲ್ಲೇ ಸುತ್ತಿಕೊಂಡು ಬೇರೆಯಾಗಿ ಬಂತು. ನನ್ನ ತಮ್ಮ ಫಕೀರಪ್ಪನನ್ನೂ ತಂದರು. ತೊಡೆಯ ಎಲುಬು ಚರ್ಮ ಹರಿದು ಹೊರಗೆ ಚಾಚಿತ್ತು. ಪಕ್ಕದ ಮೇಜಿನಲ್ಲಿ ಒಬ್ಬ ಹೆಣ್ಣುಮಗಳ ನುಚ್ಚಾದ ಸೊಂಟದೊಳಗೆ ನನ್ನ ಎರಡೂ ಕೈ ರಕ್ತ ಒತ್ತಿ ಹಿಡಿದಿದ್ದವು. ತೆಗೆದರೆ ಆಕೆ ಸಾಯುತ್ತಿದ್ದಳು. ಹಾಗಾಗಿ ತಮ್ಮನನ್ನು ನನ್ನ ಶಿಷ್ಯ ಅರ್ಹಂತನಿಗೆ ಒಪ್ಪಿಸಿದೆ. ನೆರಳುಮೇಜಿನಲ್ಲಿ ಅವನೇ ಎಲ್ಲರಿಗಿಂತ ಮುಂದಿದ್ದ.

ಡ್ರಿಲ್ ಎಲುಬು ದಾಟಿ ಆಚೆಯ ರಕ್ತನಾಳಕ್ಕೆ ಹೊಕ್ಕಿತು. ರಕ್ತ ದೀಪದವರೆಗೆ ಚಿಮ್ಮಿತು. ಅರ್ಹಂತ ಎಡಗೈ ಎತ್ತಿದ. ಅಂಗೈ ತೋರಿಸಿ ಹಾಗೇ ನಿಂತ. ಒತ್ತು ಎಂದು ಗಂಟಲು ಹರಿಯುವಂತೆ ಕೂಗಿದೆ. ಅವನು ಕೈ ಇನ್ನಷ್ಟು ಮೇಲೆತ್ತಿದ. ಫಕೀರಪ್ಪನಿಗೆ ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದ್ದೆವು, ಎಚ್ಚರವಿತ್ತು. ನನ್ನ ಕಡೆ ತಿರುಗಿ ಕೇಳಿದ.

“ಅಕ್ಕಾ, ಇಂವ ಯಾರಿಗೆ ಕೈ ಮಾಡಾಕತ್ತಾನ?”

ನರ್ಸ್ ಓಡಿಬಂದು ಒತ್ತುವ ಹೊತ್ತಿಗೆ ನನ್ನ ತಮ್ಮ ಹೋಗಿದ್ದ. ಆ ಹೆಣ್ಣುಮಗಳ ರಕ್ತ ನಿಂತ ಮೇಲೆ ಎಲುಬಿಗೆ ಬಳಸುವ ಸುತ್ತಿಗೆ ಹಿಡಿದು ಹೋಗಿ ನೆರಳುಮೇಜುಗಳನ್ನು ಒಂದೂ ಬಿಡದೆ ಪುಡಿ ಮಾಡಿದೆ. ಅಡ್ಡ ಬಂದ ಮುಖ್ಯಸ್ಥನ ಮುಂಗೈಯೂ ಮುರಿಯಿತು. ಅದನ್ನು ನನ್ನಿಂದಲೇ ಕೂಡಿಸಿಕೊಂಡು ನನ್ನನ್ನು ಕೆಲಸದಿಂದ ತೆಗೆದ. ತೆಗೀಲಿ. ಮರುವಾರವೇ ಹೊಸ ಮೇಜು ಬಂದವು, ಹಿಂದಾಟ ಸಮೇತ. ಅದಿಲ್ಲದೆ ಕಲಿಯುವ ಧೈರ್ಯ ಇಲ್ಲಿ ಈಗ ಯಾರಿಗೂ ಇಲ್ಲ.

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕನ್ನಡಕ ಇರಲಿ, ಡ್ರಿಲ್ಲಿನ ನಡುಕ ಇರಲಿ, ಹಿಂದಾಟವೊಂದನ್ನು ಕಿತ್ತುಹಾಕಿ. ತಪ್ಪು ಮಾಡಿದ ಹುಡುಗ ಆ ರಕ್ತವನ್ನು ಒತ್ತಿ ನಿಲ್ಲಿಸಲಿ. ಆಗದಿದ್ದರೆ ಹೆಣದ ಪಕ್ಕದಲ್ಲಿ ಕೂತು ಅಳಲಿ. ತಮ್ಮ ಕೇಳಿದ್ದಕ್ಕೆ ಉತ್ತರ ಇಲ್ಲಿ ಬರೆಯುತ್ತೇನೆ. ಅರ್ಹಂತ ಕೈ ಮಾಡುತ್ತಿದ್ದದ್ದು ನಿಮಗೆ.