ಒಟ್ಟೀಲಿಯ ದೊಡ್ಡಮ್ಮನ ಮಾತು ಯಾರ ಸೊತ್ತು?

ಮಾನ್ಯ ಡೀನ್ ಅವರೇ,

ನನಗೆ ಜರ್ಮನ್ ಬರುತ್ತದೆಯೋ ಇಲ್ಲವೋ? ಈ ಸಣ್ಣ ಪ್ರಶ್ನೆಗೆ ನಿಮ್ಮ ಭಾಷಾ ನಿಕಾಯದಿಂದ ನನಗೆ ಎರಡು ಉತ್ತರಗಳು ಬಂದಿವೆ. ಎರಡೂ ಒಂದೇ ವಾರದಲ್ಲಿ ಬಂದವು, ಎರಡರ ಕೆಳಗೂ ನಿಮ್ಮ ಕಚೇರಿಯದೇ ಮೊಹರಿತ್ತು. ಮೊದಲನೆಯದರ ಪ್ರಕಾರ ನಾನು ಮೌಖಿಕ ಪರೀಕ್ಷೆಯಲ್ಲಿ ಅನುತ್ತೀರ್ಣಳು, ಏಕೆಂದರೆ ನಾನು ಆಡಿದ್ದು ಜರ್ಮನ್ ಅಲ್ಲ. ಎರಡನೆಯದರ ಪ್ರಕಾರ ನಾನು ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕು, ಏಕೆಂದರೆ ಮನೆಯಲ್ಲೇ ಜರ್ಮನ್ ಕಲಿತವಳು ಅದನ್ನು ಮುಚ್ಚಿಟ್ಟು, ಏನೂ ಬಾರದವರಿಗೆಂದೇ ಇರುವ ಮೊದಲ ವರ್ಷದ ತರಗತಿಗೆ ಸೇರಿ ಮೋಸ ಮಾಡಿದ್ದೇನೆ. ಜರ್ಮನ್ ಬಾರದ್ದಕ್ಕೆ ಒಂದು ಶಿಕ್ಷೆ, ಬಂದದ್ದಕ್ಕೆ ಇನ್ನೊಂದು. ಇಷ್ಟು ವಿಶಾಲ ಮನಸ್ಸಿನ ವಿಶ್ವವಿದ್ಯಾಲಯ ಬ್ರಿಸ್ಬೇನಿನಲ್ಲಿ ಇದೆಯೆಂದು ಐವತ್ತು ದಾಟಿದ ಮೇಲೆ ನನಗೆ ಗೊತ್ತಾಯಿತು.

ಈ ಪತ್ರವನ್ನು ಓದುವ ಇತರರಿಗಾಗಿ ಸ್ವಲ್ಪ ಹೇಳಬೇಕು. ನಾನು ಹುಟ್ಟಿದ್ದು, ಒಂದು ಕಾಲಕ್ಕೆ ಜರ್ಮನರ ವಸಾಹತಾಗಿದ್ದ ರಬೌಲಿನಲ್ಲಿ. ಪಪುವಾ ನ್ಯೂಗಿನಿಗೆ ಸ್ವಾತಂತ್ರ್ಯ ಬಂದ ಕಾಲಕ್ಕೆ ನಮ್ಮಂಥ ಎಷ್ಟೋ ಕುಟುಂಬಗಳು ಇಲ್ಲಿಗೆ ಬಂದವು. ನನ್ನ ಅಮ್ಮನನ್ನೂ ಅವಳ ಅಕ್ಕ ಒಟ್ಟೀಲಿಯಳನ್ನೂ ಚಿಕ್ಕಂದಿನಲ್ಲೇ ಹಳ್ಳಿಯ ತಾಯಿಯಿಂದ ಬಿಡಿಸಿ ಮಿಷನ್ನಿನ ಅನಾಥಾಲಯದಲ್ಲಿ ಇಟ್ಟಿದ್ದರು. ಅವರ ಅಪ್ಪ ಬಿಳಿಯ, ಅಮ್ಮ ಕರಿಯಳು, ಆದ್ದರಿಂದ ಮಕ್ಕಳು ಅನಾಥರು. ಲೆಕ್ಕ ಅಷ್ಟು ಸರಳ. ಅಲ್ಲಿನ ಸಿಸ್ಟರ್‌ಗಳು ಜರ್ಮನ್ ಕಲಿಸಿದರು. ಮಕ್ಕಳು ಸಿಸ್ಟರ್‌ಗಳ ಬೆನ್ನ ಹಿಂದೆ ಅದನ್ನು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು. ಜರ್ಮನ್‌ನಲ್ಲಿ ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ನಮ್ಮ ಹಿರಿಯರು ಆ ತಾಪತ್ರಯವೇ ಬೇಡವೆಂದು ಎಲ್ಲವನ್ನೂ ಒಂದೇ ಮಾಡಿಬಿಟ್ಟರು. ಅದಕ್ಕೆ ನಾವು ‘ನಮ್ಮ ಜರ್ಮನ್’ ಎನ್ನುತ್ತೇವೆ. ಅದನ್ನು ಆಡುವವರು ಈಗ ಒಂದು ಚರ್ಚಿನ ಸಭಾಂಗಣ ತುಂಬುವಷ್ಟೂ ಉಳಿದಿಲ್ಲ.

ಅಮ್ಮನಿಗೆ ಅದರ ಬಗ್ಗೆ ನಾಚಿಕೆಯಿತ್ತು. ಬಸ್ಸಿನಲ್ಲಿ ನಾನು ಬಾಯಿ ತೆರೆದರೆ ತೊಡೆ ಚಿವುಟುತ್ತಿದ್ದಳು. “ನಮ್ದು ಮುರುಕು ಜರ್ಮನ್ ಕಣೇ ಕೋನಿ. ಮನೇಲಿ ಆಡು, ಹೊರಗೆ ಬೇಡ.” ಅವಳು ತೀರಿಕೊಂಡ ಮೇಲೆ, ಮುರಿಯದೇ ಇರುವ ಜರ್ಮನ್ ಹೇಗಿರುತ್ತದೆಂದು ನೋಡೋಣ ಎನಿಸಿತು. ಹಲ್ಲಿನ ಆಸ್ಪತ್ರೆಯಲ್ಲಿ ರಿಸೆಪ್ಷನ್ ಕೆಲಸ ಮುಗಿಸಿ ಸಂಜೆ ನಿಮ್ಮ ತರಗತಿಗೆ ಬಂದು ಕೂತೆ. ಅರ್ಜಿಯಲ್ಲಿ ‘ಈ ಮೊದಲು ಜರ್ಮನ್ ಕಲಿತಿದ್ದೀರಾ’ ಎಂದಿತ್ತು. ‘ಇಲ್ಲ’ ಎಂದೆ. ಹುಟ್ಟಿದಾಗಿನಿಂದ ಅಮ್ಮ ಹೇಳಿಕೊಟ್ಟ ಉತ್ತರ ಅದು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಮನೆಯವರ ಬಗ್ಗೆ ಹೇಳಿ ಎಂದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಶುದ್ಧ ವಾಕ್ಯಗಳು ಗಾಬರಿಗೆ ಮರೆತುಹೋದವು. ದೊಡ್ಡಮ್ಮನ ಬಗ್ಗೆ ಹೇಳತೊಡಗಿದೆ. ಅವಳು ಬಾಳೆ ಎಲೆಯಲ್ಲಿ ಮೀನು ಕಟ್ಟಿ, ನೆಲದ ಗುಂಡಿಯಲ್ಲಿ ಬಿಸಿ ಕಲ್ಲುಗಳ ನಡುವೆ ಹೂತು ಬೇಯಿಸುವುದು, ಕಲ್ಲಿಗೆ ಜಾಗ ಸಾಲದೆಂದು ನೆರೆಯವರ ಬೇಲಿಯೊಳಕ್ಕೆ ಗುಂಡಿ ತೋಡಿದ್ದು. ನಮ್ಮ ಜರ್ಮನ್ನೇ ಬಂತು, ಸರಾಗವಾಗಿ.

“ಇದನ್ನ ಎಲ್ಲಿ ಕಲಿತ್ರಿ?” ಎಂದರು.

“ಮನೇಲಿ.”

“ದೊಡ್ಡಮ್ಮ ಇನ್ನೂ ಇದ್ದಾರಾ?”

“ಇದ್ದಾರೆ. ಇಲ್ಲೇ, ಊರಂಚಿನ ಇನಾಲಾದಲ್ಲಿ.”

ಅವರು ಪೆನ್ನು ಎತ್ತಿಕೊಂಡರು. ಸಹಾನುಭೂತಿಯಿಂದ ಕೇಳುತ್ತಿದ್ದಾರೆ ಎಂದುಕೊಂಡೆ.

ಆ ಎರಡು ಪತ್ರಗಳ ಬೆನ್ನಿಗೇ ನಿಮ್ಮ ವಿಭಾಗದ ಯುವ ಸಂಶೋಧಕರೊಬ್ಬರು ದೊಡ್ಡಮ್ಮನ ಮನೆಗೆ ಫೋನ್ ಮಾಡಿದರು. ಅಳಿವಿನಂಚಿನ ಅಪರೂಪದ ಭಾಷೆಯೊಂದನ್ನು ಧ್ವನಿಮುದ್ರಿಸಿಕೊಳ್ಳಬೇಕಂತೆ. ಅವಳ ಹೆಸರು, ಊರು ಅವರಿಗೆ ಹೇಗೆ ತಿಳಿಯಿತು? ನಾನು ಅದನ್ನು ಹೇಳಿದ್ದು ಪರೀಕ್ಷಾ ಕೊಠಡಿಯೊಳಗೆ ಮಾತ್ರ. ಪರೀಕ್ಷಾ ಕೊಠಡಿಯಲ್ಲಿ ತಪ್ಪಾಗಿದ್ದ ಭಾಷೆ ಪಡಸಾಲೆ ದಾಟಿ ಸಂಶೋಧಕರ ಕೋಣೆಗೆ ಹೋಗುವಷ್ಟರಲ್ಲಿ ಅಪರೂಪದ ಭಾಷೆಯಾಗುವುದು ಹೇಗೆಂದು ದಯವಿಟ್ಟು ವಿವರಿಸಬೇಕು.

ಅವರು ಬಂದ ದಿನ ನಾನೂ ಅಲ್ಲಿದ್ದೆ. ಒಳ್ಳೆಯ ಹುಡುಗನೇ. ಬಿಸ್ಕತ್ತಿನ ಡಬ್ಬ ತಂದಿದ್ದರು. ಸಮ್ಮತಿ ಪತ್ರವನ್ನು ಮೇಜಿನ ಮೇಲಿಟ್ಟಾಗ ದೊಡ್ಡಮ್ಮ ಅದನ್ನು ಮುಟ್ಟಲಿಲ್ಲ.

“ಇದು ಯಾಕೆ?” ಎಂದಳು.

“ನಿಮ್ಮ ಹೆಸರು, ಹುಟ್ಟಿದ ಊರು ಬರ್ಕೊಳ್ಳೋಕೆ ಅಷ್ಟೇ ಅಮ್ಮ.”

“ಮಿಷನ್ನಿನೋರೂ ಹಳ್ಳಿಗೆ ಬಂದು ಅಷ್ಟೇ ಕೇಳಿದ್ರು. ಆಮೇಲೆ ಲಾರಿ ಬಂತು.”

ಹುಡುಗನ ಮುಖ ಕೆಂಪಾಯಿತು. ದೊಡ್ಡಮ್ಮ ಚಹಾ ಕೊಟ್ಟಳು, ಮಾತನಾಡಲೂ ಒಪ್ಪಿದಳು. ಆಡಿದ್ದೆಲ್ಲ ಸಿಸ್ಟರ್‌ಗಳ ಜರ್ಮನ್. ಗಂಡು ಗಂಡಾಗಿ, ಹೆಣ್ಣು ಹೆಣ್ಣಾಗಿ, ಪ್ರಾರ್ಥನೆ ಒಪ್ಪಿಸುವ ದನಿಯಲ್ಲಿ. ಅವರು ಹೇಗೆ ಕೇಳಿದರೂ ಆ ಜರ್ಮನ್ ಬಿಟ್ಟು ಕದಲಲಿಲ್ಲ. ಬಾಗಿಲವರೆಗೆ ಬಿಡಲು ಹೋದಾಗ ಅವರು ನನ್ನೊಡನೆ ಬೇಸರದಿಂದ, “ಪಾಪ, ಅವರ ಭಾಷೆ ಶಿಷ್ಟ ಜರ್ಮನ್ ತಾಗಿ ಹಾಳಾಗಿದೆ” ಎಂದರು. ನಾನು ಒಳಗೆ ಬಂದಾಗ ದೊಡ್ಡಮ್ಮ ಬಿಸ್ಕತ್ತು ಚಹಾಕ್ಕೆ ಅದ್ದುತ್ತಿದ್ದಳು. “ನಮ್ಮದು ಮನೆಯೋರಿಗೆ. ಬಂದೋರಿಗೆಲ್ಲ ಒಳಕೋಣೆ ತೋರಿಸ್ತಾರೇನೇ?” ಎಂದು ನಮ್ಮ ಜರ್ಮನ್‌ನಲ್ಲೇ ಹೇಳಿ ನಕ್ಕಳು.

ಶಿಸ್ತು ಸಮಿತಿ ನನ್ನನ್ನು ಸಭ್ಯವಾಗಿಯೇ ವಿಚಾರಿಸಿತು. ಒಬ್ಬರು ನಾನು ಎಷ್ಟು ಜರ್ಮನ್ ಬಚ್ಚಿಟ್ಟಿದ್ದೇನೆಂದು ಕೇಳಿದರು. ಇನ್ನೊಬ್ಬರು, ಬಚ್ಚಿಟ್ಟದ್ದು ಜರ್ಮನ್ ಹೌದೇ ಎಂಬುದು ಬೇರೆ ವಿಷಯ ಎಂದರು. ತೀರ್ಪನ್ನು ಕಾಯ್ದಿರಿಸಿ ಕಳಿಸಿದರು. ಮೆಟ್ಟಿಲ ಬಳಿ ನಿಮ್ಮ ಕಚೇರಿಯ ಸಹಾಯಕಿಯೊಬ್ಬರು ನನ್ನ ಜೊತೆಗೇ ಇಳಿದು ಬಂದರು.

“ತಲೆ ಕೆಡಿಸ್ಕೊಬೇಡಿ. ನಿಮ್ಮ ಮನೆಯವರು ಸಂಶೋಧನೆಗೆ ಸ್ವಲ್ಪ ಮನಸ್ಸು ಬಿಚ್ಚಿ ಸಹಕರಿಸಿದ್ರೆ, ಇಲ್ಲಿರೋರಿಗೂ ನಿಮ್ಮ ಹಿನ್ನೆಲೆ ಅರ್ಥ ಆಗುತ್ತೆ.”

“ಯಾರು ಹೇಳಿ ಕಳಿಸಿದ್ದು?” ಎಂದೆ.

“ಯಾರೂ ಇಲ್ಲಪ್ಪ, ನನಗನ್ನಿಸಿದ್ದು.”

ಮಾನ್ಯರೇ, ಯಾರೂ ಹೇಳಿ ಕಳಿಸದೆ ನಿಮ್ಮ ಕಟ್ಟಡದಲ್ಲಿ ಒಂದು ಕಿಟಕಿಯೂ ತೆರೆಯುವುದಿಲ್ಲ. ಆ ವಾಕ್ಯವನ್ನು ಪೋಣಿಸಿದ್ದು ಯಾರು? ನೀವೇ? ಪರೀಕ್ಷಕರೇ? ಆ ಒಳ್ಳೆಯ ಹುಡುಗನಿಗೂ ಇದು ಗೊತ್ತಿತ್ತೇ? ನನ್ನ ಮೇಲಿನ ಆರೋಪ ನಿಜಕ್ಕೂ ಆರೋಪವಾಗಿತ್ತೇ, ಅಥವಾ ದೊಡ್ಡಮ್ಮನ ಬಾಗಿಲು ಬಡಿಯಲು ಹಿಡಿದ ಕೋಲೇ? ನನ್ನ ಬಳಿ ಪುರಾವೆಯಿಲ್ಲ. ಅನುಮಾನವಿದೆ, ಮತ್ತು ಆಮೇಲೆ ನಡೆದದ್ದು ಆ ಅನುಮಾನಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಭಾನುವಾರ ಊಟಕ್ಕೆ ಹೋದಾಗ ಮೆಟ್ಟಿಲ ಮಾತನ್ನು ದೊಡ್ಡಮ್ಮನಿಗೆ ಹೇಳಿದೆ, ತಮಾಷೆಯಾಗಿಯೇ. ಅವಳು ತೆಂಗಿನ ಹಾಲಿನಲ್ಲಿ ಗೆಣಸು ಬೇಯಿಸುತ್ತಿದ್ದಳು, ತಿರುಗಿ ನೋಡಲಿಲ್ಲ. “ಶಾಲೆಯಿಂದ ಓಡಿಸ್ತಾರಾ ನಿನ್ನ?” ಎಂದಷ್ಟೇ ಕೇಳಿದಳು. “ಓಡಿಸಿದ್ರೆ ಓಡಿಸ್ಲಿ” ಎಂದೆ. ವಿಷಯ ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ತಿಂಗಳಾಗುವಷ್ಟರಲ್ಲಿ ನಿಮ್ಮ ಮೂರನೆಯ ಪತ್ರ ಬಂತು. ಆರೋಪ ಕೈಬಿಡಲಾಗಿದೆ. ಮೌಖಿಕ ಪರೀಕ್ಷೆಯ ಅಂಕ ಮರುಪರಿಶೀಲಿಸಿ ಉತ್ತೀರ್ಣ ಮಾಡಲಾಗಿದೆ. ಕಾರಣ ಬರೆದಿರಲಿಲ್ಲ. ಕೇಕ್ ಹಿಡಿದು ಇನಾಲಾಕ್ಕೆ ಹೋದೆ. ಸುದ್ದಿ ಕೇಳಿ ದೊಡ್ಡಮ್ಮ “ಸರಿ ಹಾಗಾದ್ರೆ” ಎಂದಳು, ಅಂಗಡಿಯವನು ಸಾಮಾನು ಕೊಟ್ಟಾಗ ಹೇಳುವ ಹಾಗೆ.

“ನಿಂಗೆ ಗೊತ್ತಿತ್ತಾ?”

“ಆ ಹುಡುಗ ಬಂದಿದ್ದ. ನಾನೇ ಕರೆಸ್ದೆ.”

“ಮಾತಾಡಿದ್ಯಾ? ನಮ್ದರಲ್ಲಿ?”

“ಮತ್ತಿನ್ಯಾವುದರಲ್ಲಿ? ಮಧ್ಯಾಹ್ನ ಪೂರ್ತಿ. ಮಲಗೋ ಕೋಣೆ ಹಾಡು, ಸಿಸ್ಟರ್‌ಗೆ ಇಟ್ಟ ಅಡ್ಡಹೆಸರು, ಎಲ್ಲ ಹೇಳ್ದೆ. ನಮ್ಮಮ್ಮ ಬೇಲಿ ಹತ್ರ ಬಂದು ನಿಂತಿದ್ದು ಹೇಳ್ದೆ.”

“ಯಾವ ಬೇಲಿ ದೊಡ್ಡಮ್ಮ?”

ಅವಳು ನನ್ನ ಕೈಯಿಂದ ಚಾಕು ತೆಗೆದುಕೊಂಡು ಕೇಕ್ ಕತ್ತರಿಸಿದಳು. “ಅದನ್ನ ಒಂದ್ಸಲ ಹೇಳೋಕೇ ಸಾಕುಸಾಕಾಯ್ತು ಕೋನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ಕೇಳ್ಬೇಡ.”

ನನ್ನ ಅಜ್ಜಿ ಅನಾಥಾಲಯದ ಬೇಲಿಯ ಬಳಿ ಬಂದಿದ್ದಳೆಂಬುದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ. ಅಮ್ಮನೂ ಹೇಳಿರಲಿಲ್ಲ. ಅಜ್ಜಿ ಏನು ಕೇಳಿದಳು, ಮಕ್ಕಳು ಏನೆಂದರು, ಯಾವ ಭಾಷೆಯಲ್ಲಿ ಎಂದರು, ಎಲ್ಲವೂ ಈಗ ನಿಮ್ಮ ಕಟ್ಟಡದಲ್ಲಿದೆ. ನಾನು ನಿಮ್ಮ ಧ್ವನಿ ಸಂಗ್ರಹಕ್ಕೆ ಅರ್ಜಿ ಹಾಕಿದೆ. ಉತ್ತರ ಚುರುಕಾಗಿ ಬಂತು: ನೋಂದಾಯಿತ ಸಂಶೋಧಕರಿಗೆ ಮಾತ್ರ ಪ್ರವೇಶ, ಮೊದಲ ವರ್ಷದ ವಿದ್ಯಾರ್ಥಿಗಳು ಅರ್ಹರಲ್ಲ. ಧ್ವನಿಮುದ್ರಣದ ಎಲ್ಲ ಹಕ್ಕುಗಳೂ ವಿಶ್ವವಿದ್ಯಾಲಯದ್ದು. ಕೆಳಗೆ ಸಮ್ಮತಿ ಪತ್ರದಲ್ಲಿನ ದೊಡ್ಡಮ್ಮನ ಸಹಿಯ ನಕಲು. ಸಿಸ್ಟರ್‌ಗಳು ಕಲಿಸಿದ ದುಂಡು ಅಕ್ಷರ.

ನಿಮಗೆ ಈ ಪತ್ರ ಬರೆಯುತ್ತೇನೆಂದು ಅವಳಿಗೆ ಹೇಳಿದೆ. “ಬರಿ. ಯಾವ ಜರ್ಮನ್‌ನಲ್ಲಿ ಬರೀತೀಯ?” ಎಂದು ಕೆಣಕಿದಳು. ಆಮೇಲೆ, “ನಂದು ನಂಗೆ ವಾಪಸ್ ಬೇಕು ಅಂತ ಬರಿ. ನಾನು ಕೊಟ್ಟಿದ್ದು ನಿನಗೋಸ್ಕರ, ಅವರಿಗಲ್ಲ” ಎಂದಳು. ಆದ್ದರಿಂದ ಅವಳ ಒಪ್ಪಿಗೆಯಿಂದಲೇ ಕೇಳುತ್ತಿದ್ದೇನೆ.

ಆ ಧ್ವನಿಮುದ್ರಣವನ್ನು ಒಟ್ಟೀಲಿಯ ದೊಡ್ಡಮ್ಮನ ಕೈಗೆ ಮರಳಿಸಿ. ಅದನ್ನು ಯಾರು ಕೇಳಬೇಕು, ನಾನು ಕೇಳಬೇಕೋ ಬೇಡವೋ ಎಂಬುದನ್ನೂ ಅವಳೇ ತೀರ್ಮಾನಿಸಲಿ. ಪರೀಕ್ಷಾ ಕೊಠಡಿಯಿಂದ ಅವಳ ಹೆಸರು, ಊರು ಹೊರಗೆ ಹೋದದ್ದು ಹೇಗೆಂದು ಲಿಖಿತವಾಗಿ ಉತ್ತರಿಸಿ. ಇದಕ್ಕೆ ಪ್ರತಿಯಾಗಿ ಏನಾದರೂ ಬೇಕೆಂದರೆ, ನಿಮ್ಮಲ್ಲಿ ಹಾಗೆ ಕೇಳುವ ರೂಢಿಯಿದೆಯೆಂದು ಕಂಡಿದ್ದೇನೆ, ನನ್ನ ಉತ್ತೀರ್ಣ ಅಂಕವನ್ನು ವಾಪಸು ತೆಗೆದುಕೊಳ್ಳಿ. ನನ್ನ ಮೇಲಿನ ಆರೋಪವನ್ನು ಮತ್ತೆ ಹೊರಿಸಿ, ವಿಚಾರಣೆಗೆ ದಿನ ಗೊತ್ತುಮಾಡಿ. ಮೋಸಗಾತಿ ಎಂದು ಕರೆಸಿಕೊಂಡು ಬದುಕಬಲ್ಲೆ. ದೊಡ್ಡಮ್ಮ ತೆತ್ತ ಬೆಲೆಯಲ್ಲಿ ಪಾಸಾದವಳಾಗಿ ನಿಮ್ಮ ತರಗತಿಯಲ್ಲಿ ಕೂರಲಾರೆ.

ಇಂತಿ, ತಮ್ಮ ಕೃಪೆಯಿಂದ ಸದ್ಯಕ್ಕೆ ನಿರಪರಾಧಿಯಾಗಿರುವ,
ಕೊರ್ನೇಲಿಯಾ ರೀಗ್ಲರ್
ಜರ್ಮನ್, ಮೊದಲ ವರ್ಷ