ನಲವತ್ತನೆಯ ಟ್ಯೂಬು

ಮಾರ್ಚ್ 3, ಸೋಮವಾರ

ಲ್ಯಾಬಿನಲ್ಲಿ ದಿನಾ ಅದೇ ಸೂಜಿ, ಟ್ಯೂಬು, ಲೇಬಲ್ಲಿನ ಕೆಲಸ. ಜ್ವರ-ಕೆಮ್ಮಿನ ವೈರಸ್ ಹಿಡಿದವರಲ್ಲಿ ಯಾರಿಗೆ ಉಲ್ಬಣಿಸುತ್ತದೆ ಅಂತ ಮೊದಲ ದಿನದ ರಕ್ತದಲ್ಲೇ ಹೇಳಬಹುದಾ — ಇದು ನಮ್ಮ ಡಾಕ್ಟರಮ್ಮನ ಸಂಶೋಧನೆ. ಹೋಲಿಸಿ ನೋಡಲು ನಲವತ್ತು ಆರೋಗ್ಯವಂತರ ರಕ್ತ ಬೇಕು. ಮೂವತ್ತೊಂಬತ್ತಕ್ಕೆ ನಿಂತಿದೆ, ಇವತ್ತೇ ಕೊನೆ ದಿನ. ಬೆಳಿಗ್ಗೆ ಸೀದಾ ಅಕ್ಕನ ಟೈಲರಿಂಗ್ ಅಂಗಡಿಗೆ ಹೋದೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೂ ಮಾತು ನಿಲ್ಲಿಸದವಳು. "ಅಳತೆ ತಗೊಳ್ಳೋದು ನನ್ನ ಕೆಲಸ ಕಣೋ, ನಿಂದಲ್ಲ" ಅಂತ ತೋಳು ಚಾಚಿದಳು. ಟ್ಯೂಬು ಸ್ಕೂಟರ್ ಡಿಕ್ಕಿಯಲ್ಲಿ ಬಂತು. ಫಾರಂನಲ್ಲಿ 'ಲ್ಯಾಬಿನಲ್ಲೇ ತೆಗೆದದ್ದು, ಪೂರ್ಣ ಆರೋಗ್ಯ' ಅಂತ ಬರೆದೆ. ಇಪ್ಪತ್ತೆರಡು ವರ್ಷದ ಸರ್ವೀಸು. ಒಂದು ಸುಳ್ಳಿಗೆ ಏನಾಗುತ್ತೆ.

ಮಾರ್ಚ್ 4

ಆಗಿದೆ. ನಲವತ್ತನೆಯ ಟ್ಯೂಬಿನಲ್ಲಿ ಎಲ್‌ಡಿಎಚ್ ದುಪ್ಪಟ್ಟು. ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೆ ರಕ್ತಕ್ಕೆ ಸೋರುವ ವಸ್ತು ಅದು. ಡಾಕ್ಟರಮ್ಮ ನಕ್ಕರು. "ಈ ಆರೋಗ್ಯವಂತರನ್ನೇ ಮೊದ್ಲು ಅಡ್ಮಿಟ್ ಮಾಡ್ಬೇಕಲ್ರೀ!"

ಆದರೆ ಟ್ಯೂಬು ಕುಲುಕಿ ರಕ್ತಕಣ ಒಡೆದರೂ ಅದು ಏರುತ್ತೆ. ಆ ಗುಂಡಿ ರಸ್ತೆ... ಹಾಗಾದರೆ ಮೇಲಿನ ತಿಳಿ ಕೆಂಪಾಗಿರಬೇಕು. ಕಿಟಕಿ ಹತ್ತಿರ ಹಿಡಿದರೆ ಕೆಂಪು, ಲೈಟಿನ ಕೆಳಗೆ ಹಳದಿ. ಇದು ಅಕ್ಕನ ನಂಬರೋ, ರಸ್ತೆಯ ನಂಬರೋ? ತಲೆಬುಡ ಅರ್ಥವಾಗುತ್ತಿಲ್ಲ.

ಸಂಜೆ ಅಂಗಡಿಗೆ ಹೋದರೆ ಅಕ್ಕ ಸೀನುತ್ತಿದ್ದಾಳೆ. ಭಾನುವಾರದಿಂದಂತೆ! ಮೊದಲೇ ಹೇಳೋಕೇನಾಗಿತ್ತು ಅಂತ ರೇಗಿದೆ.

"ನೀನು ಕೇಳಿದ್ಯಾ?"

ಕೇಳಿರಲಿಲ್ಲ.

ಮಾರ್ಚ್ 6

ಅಕ್ಕನನ್ನು ಪುಸಲಾಯಿಸಿ ಲ್ಯಾಬಿಗೇ ಕರೆತಂದೆ. ಡಾಕ್ಟರಮ್ಮ ಮೀಟಿಂಗಿನಲ್ಲಿದ್ದ ಹೊತ್ತು ನೋಡಿ. ತೆಗೆದ ರಕ್ತ ನೇರ ಮೆಷಿನ್ನಿಗೆ. ನಾರ್ಮಲ್! ಎರಡು ಸಲ ಓಡಿಸಿದೆ, ಎರಡೂ ಸಲ ನಾರ್ಮಲ್. ಹೋದ ಜೀವ ಬಂತು.

"ಕೆಮ್ಮು ಶುರುವಾಗಿದೆ, ಡಾಕ್ಟರಿಗೆ ತೋರಿಸ್ಲೇನೋ?"

"ಬೇಡ ಬಿಡಕ್ಕ, ನಂಬರ್ ಚೆನ್ನಾಗಿದೆ."

ತೋರಿಸಿದರೆ ನನ್ನ ಸುಳ್ಳೂ ಹೊರಬೀಳುತ್ತಿತ್ತು. ಅದಕ್ಕೇ ಬೇಡ ಅಂದೆನಾ? ಇಲ್ಲ. ನಂಬರ್ ಚೆನ್ನಾಗಿತ್ತು. ನಾರ್ಮಲ್ ಅಂದ್ರೆ ನಾರ್ಮಲ್ಲೇ ತಾನೇ...

ಮಾರ್ಚ್ 10, ಬೆಳಿಗ್ಗೆ 11:20

ಅಕ್ಕನ ಫೋನು. "ಯೂನಿಫಾರಂ... ಇನ್ನೂ ಆರು... ಉಳಿದಿದೆ ಕಣೋ..."

"ಬಾಯಲ್ಲಿ ಪಿನ್ನಿದೆಯೇನೇ?"

"ಇಲ್ಲ... ಕಣೋ."

"ಡಾಕ್ಟರ ಹತ್ರ ಹೋಗ್ಲಿಲ್ವಾ?"

"ನೀನೇ... ಚೆನ್ನಾಗಿದೆ... ಅಂದ್ಯಲ್ಲ."

ಡಾಕ್ಟರಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅಂಗಡಿ, ಸ್ಕೂಟರು, ಫಾರಂ, ಕದ್ದು ಮಾಡಿದ ಎರಡನೇ ಟೆಸ್ಟು. ಕೂಗಾಡಲಿಲ್ಲ. "ಅದೆಲ್ಲ ಆಮೇಲೆ. ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸ್ತಾರೆ, ಕೇಳಿ."

ಮತ್ತೆ ಫೋನ್ ಮಾಡಿ ಎಣಿಸು ಅಂದೆ. ನಾಲ್ಕು. ಅಷ್ಟೇ.

ಆಂಬುಲೆನ್ಸ್ ಹೊರಟಿದೆ. ನಾನೂ —

ಸಂಜೆ 4:40

ಆಕ್ಸಿಜನ್ ಹಾಕಿದ್ದಾರೆ. ಬಾಗಿಲ ಹೊರಗೆ ಪ್ಲಾಸ್ಟಿಕ್ ಕುರ್ಚಿ. ಡಾಕ್ಟರಮ್ಮ ಬಂದಾಗ ಕೇಳಿಯೇಬಿಟ್ಟೆ — ಆ ಮೊದಲ ನಂಬರು ನಿಜವಾಗಿತ್ತಾ? ಅವತ್ತೇ ರಕ್ತ ಹೇಳಿತ್ತಾ?

"ಗೊತ್ತಿಲ್ಲ. ಹೇಳಿದ್ರೂ ಹೇಳಿರ್ಬಹುದು. ನೀವು ಕೆಡಿಸಿಟ್ರಿ, ಇನ್ನು ಯಾರಿಗೂ ಗೊತ್ತಾಗಲ್ಲ."

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾರ್ಚ್ 11, ಬೆಳಿಗ್ಗೆ 7:10

ಒಳಗೆ ಬಿಟ್ಟರು. ಮಾಸ್ಕಿನೊಳಗಿಂದ ಅಕ್ಕನ ಮೊದಲ ಮಾತು: "ನಂಬರ್... ಎಷ್ಟು ಬಂತೋ?" ನಂಬರ್ ಬಿಡು, ತಪ್ಪು ನಂದು, ನೀನು ಎಣಿಸು ಅಂದೆ. ನಾನು ಅತ್ತು ಮೂಗು ಒರೆಸಿಕೊಳ್ಳುವುದನ್ನು ನೋಡಿ ಕಣ್ಣಲ್ಲೇ ಬೈದಳು.

ಎಣಿಸುತ್ತಿದ್ದಾಳೆ. ಅವಳು ಹೇಳಿದಂತೆ ಬರೆಯುತ್ತಿದ್ದೇನೆ. ಈ ಸಲ ಸುಳ್ಳು ಬರೆಯುವುದಿಲ್ಲ.

ಒಂದು ಎರಡು ಮೂರು ನಾಲ್ಕು. ಉಸಿರು.

ಒಂದು ಎರಡು ಮೂರು ನಾಲ್ಕು. ಉಸಿರು.

ಒಂದು ಎರಡು ಮೂರು ನಾಲ್ಕು ಐ... ಅರ್ಧ ಐದು. ಉಸಿರು.